ಹೆಬ್ಬೆರಳ ಉಗುರು, ಹಿಂದಿನ ಟೈರು

ನನ್ನ ಯಜಮಾನರು ಬಲಗೈ ಹೆಬ್ಬೆರಳಿನ ಉಗುರನ್ನು ಕತ್ತರಿಸಲು ಬಿಡುತ್ತಿರಲಿಲ್ಲ. ರವಿವಾರ ಬೆಳಿಗ್ಗೆ ಚಹಾ ಆದ ಮೇಲೆ ನಾನು ನೇಲ್ ಕಟರ್ ಹಿಡಿದು ಕೂತರೆ ಒಂಬತ್ತು ಬೆರಳನ್ನು ಒಂದೊಂದಾಗಿ ಮುಂದೆ ಚಾಚುತ್ತಿದ್ದರು. ಹತ್ತನೆಯದರ ಸರದಿ ಬಂತೋ, ಕೈ ಹಿಂದಕ್ಕೆ. ಆ ಉಗುರು ಅವರ ಗಾಡಿಯ, ಅಂದರೆ ಮೋಟರ್ ಸೈಕಲ್ಲಿನ, ಟೈರಿಗೆ ಮೀಸಲು. ಟೈರಿನ ಮೈಮೇಲೆ ಗೆರೆ ಕೊರೆದಂತೆ ಸಂದಿಗಳಿರುತ್ತವಲ್ಲ, ಅದರೊಳಗೆ ಆ ಉಗುರನ್ನು ಇಳಿಬಿಡುತ್ತಿದ್ದರು. ಬೆಳೆದ ಬಿಳಿ ಭಾಗ ಪೂರ್ತಿ ಮುಳುಗಿದರೆ ಚಿಂತೆಯಿಲ್ಲ. ಅರ್ಧ ಮುಳುಗಿದರೆ ಇನ್ನೊಂದು ಕಬ್ಬಿನ ಸೀಜನ್ ಓಡುತ್ತದೆ. ತುದಿ ತಾಗಿ ನಿಂತುಬಿಟ್ಟರೆ ಬದಲಿ ಮಾಡಬೇಕು. ಮಾಡುವ ತನಕ ಗಾಡಿ ಒಂದು ಮಾರು ಕೂಡ ಅಂಗಳ ಬಿಟ್ಟು ಹೋಗಬಾರದು. ಇದು ಅವರ ಕಾಯಿದೆ.

ನಾನು ಕಾನ್ವೆಂಟಿನಲ್ಲಿ ಓದಿದವಳು, ಗೋಕಾಕದ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ರಿಟೈರ್ ಆದವಳು. ನನಗೆ ಅಚ್ಚಾದದ್ದರ ಮೇಲೆ ನಂಬಿಕೆ. ಗಾಡಿಯ ಜೊತೆ ಬಂದಿದ್ದ ಪುಸ್ತಕವನ್ನು ಗ್ರಾಮರ್ ಪುಸ್ತಕದಂತೆ ಮೊದಲಿನಿಂದ ಕೊನೆಯವರೆಗೆ ಓದಿದ್ದೆ. ಟೈರಿನ ಪಕ್ಕೆಯಲ್ಲಿ ಸಣ್ಣದೊಂದು ತ್ರಿಕೋನದ ಗುರುತು ಇರುತ್ತದೆ. ಅದು ತೋರಿಸುವ ಕಡೆ ಸಂದಿಯ ತಳದಲ್ಲಿ ರಬ್ಬರಿನ ಒಂದು ಸಣ್ಣ ದಿಂಡು. ಟೈರು ಸವೆದು ಆ ದಿಂಡಿನ ಮಟ್ಟಕ್ಕೆ ಬಂದಾಗ ಬದಲಾಯಿಸಬೇಕು. ಇಷ್ಟು ಕ್ಲಿಯರ್ ಆಗಿ ಬರೆದಿದೆ. ಅದನ್ನು ಓದಿ ಹೇಳಿದರೆ ಅವರು ನಗುತ್ತಿದ್ದರು.

"ಬಾಯಾರ, ಕಂಪನಿಯವರು ಟಾಯರ ಮಾರಾಕ ಕುಂತಾರ. ಹಂಗ ಬರೀದ ಹೆಂಗ ಬರೀತಾರ?"

ನಮ್ಮ ಕಡೆ ಸಾಲೆಯಲ್ಲಿ ಹೆಣ್ಣು ಟೀಚರಿಗೆ ಬಾಯಾರ ಅನ್ನುತ್ತಾರೆ. ನನ್ನ ಮೇಲೆ ಸಿಟ್ಟು ಬಂದಾಗಲೂ, ಪ್ರೀತಿ ಬಂದಾಗಲೂ ಅವರ ಬಾಯಲ್ಲಿ ನಾನು ಬಾಯಾರ. ಹೀಗೆ ನಲವತ್ತು ವರ್ಷ ನಾನು ಟೈರು ಬದಲಿಸಿ ಅನ್ನುವುದು, ಅವರು ಉಗುರು ತೋರಿಸಿ ಇನ್ನೂ ಓಡತೈತಿ ಅನ್ನುವುದು. ನಮ್ಮ ಮದುವೆಯ ಅರ್ಧ ಜಗಳ ಅದೇ.

ಅವರು ದನದ ದವಾಖಾನೆಯಲ್ಲಿ ಕಂಪೌಂಡರ್ ಆಗಿದ್ದರು. ಹುಕ್ಕೇರಿ, ಮೂಡಲಗಿ, ಕೊನೆಗೆ ಗೋಕಾಕ. ಊರವರು ಡಾಕ್ಟರ್ ಸಾಹೇಬ್ರ ಅನ್ನುತ್ತಿದ್ದರು, ಇವರು ಬ್ಯಾಡ ಅನ್ನುತ್ತಿರಲಿಲ್ಲ. ಹುಕ್ಕೇರಿಯಲ್ಲಿದ್ದಾಗ ಅದೇ ದವಾಖಾನೆಯ ಜವಾನ ಇವರ ಜೀವದ ಗೆಳೆಯ. ಹಿಂದಿನ ಸೀಟಿನಲ್ಲಿ ನಾನು ಕೂರುವುದಕ್ಕೆ ಮೊದಲು ಅವರೇ ಕೂತಿದ್ದವರು, ತೊಡೆಯ ಮೇಲೆ ಲಸಿಕೆಯ ಐಸ್ ಡಬ್ಬಿ ಇಟ್ಟುಕೊಂಡು. ಒಮ್ಮೆ ಕಾಲುಬಾಯಿ ಬೇನೆಯ ಲಸಿಕೆ ಒಯ್ಯುವಾಗ ನಡುದಾರಿಯಲ್ಲಿ ಟ್ಯೂಬು ಹರಿದು ಹೋಯಿತಂತೆ. ಐಸು ಕರಗಿದರೆ ಲಸಿಕೆ ಹಾಳು. ಪಕ್ಕದ ಹೊಲದ ಬಣವೆಯಿಂದ ಕಣಕಿ, ಅಂದರೆ ಜೋಳದ ಒಣ ದಂಟು, ಕಿತ್ತು, ಮುರಿದು ಮುರಿದು ಟೈರಿನೊಳಗೆ ತುಂಬಿ, ಒಬ್ಬರು ನಡೆಸಿ ಒಬ್ಬರು ನೂಕಿ ಊರು ಮುಟ್ಟಿದ್ದರು. ಈ ಕತೆಯನ್ನು ನಾನು ವರ್ಷಕ್ಕೊಮ್ಮೆ, ದಸರೆಯ ಬನ್ನಿಯ ದಿನ, ಹುಕ್ಕೇರಿಯ ಹತ್ತಿರ ಗೆಳೆಯನ ತೋಟದ ಮನೆಯ ಕಟ್ಟೆಯ ಮೇಲೆ ಕೂತು ಕೇಳುತ್ತಿದ್ದೆ. ಬನ್ನಿ ಎಲೆಯನ್ನು ಕೈಗೆ ಕೊಟ್ಟು "ಬನ್ನಿ ತಗೊಂಡು ಬಂಗಾರದಂಗ ಇರೂಣು" ಅನ್ನದೆ ಆ ಇಬ್ಬರಿಗೂ ದಸರೆ ಮುಗಿಯುತ್ತಿರಲಿಲ್ಲ. ಇಬ್ಬರ ನಡುವೆ ಒಂದು ಪಂದ್ಯವೂ ಇತ್ತು. ಗಾಡಿ ಓಡಿಸುವುದನ್ನು ಮೊದಲು ಬಿಟ್ಟವನೇ ಮೊದಲ ಮುದುಕ.

ಎರಡು ವರ್ಷದ ಹಿಂದೆ, ದಸರೆಗೆ ಇನ್ನೂ ತಿಂಗಳಿರುವಾಗ, ಮೂಡಲಗಿಯಲ್ಲಿ ಬಸುರಿಯೊಬ್ಬಳ ಕುಬಸದ ಊಟ ಮುಗಿಸಿ ಗಾಡಿಯ ಮೇಲೆ ಬರುತ್ತಿದ್ದೆವು. ಮಸಗುಪ್ಪಿ ಹತ್ತಿರ ಹೊಲದಿಂದ ಟ್ರ್ಯಾಕ್ಟರೊಂದು ರಸ್ತೆಗೆ ಏರುತ್ತಿತ್ತು. ಅದು ದೂರದಿಂದಲೇ ಕಾಣುತ್ತಿತ್ತು. ಹಿಂದೆ ಕೂತ ನನಗೇ ಕಂಡಿತ್ತು. ಇವರು ಸ್ಲೋ ಮಾಡುತ್ತಾರೆ ಎಂದುಕೊಂಡೆ. ಮಾಡಲಿಲ್ಲ. ಕೊನೆಗೆ ಬ್ರೇಕು ಒತ್ತಿದಾಗ ಟ್ರ್ಯಾಕ್ಟರ್ ಚೆಲ್ಲಿದ್ದ ಕೆಸರಿನ ಮೇಲೆ ಹಿಂದಿನ ಗಾಲಿ ಪಕ್ಕಕ್ಕೆ ಜಾರಿತು. ಬೀಳಲಿಲ್ಲ. ಎರಡೂ ಕಾಲು ನೆಲಕ್ಕೆ ಊರಿ ಹೇಗೋ ನಿಲ್ಲಿಸಿದರು. ಆದರೆ ಅದಕ್ಕೆ ಮೊದಲಿನ ಒಂದು ಗಳಿಗೆಯನ್ನು ನಾನು ಅವರ ಭುಜದ ಮೇಲಿಂದ ನೋಡಿದ್ದೆ. ಬಲಗೈ ಬೆರಳುಗಳು ಬ್ರೇಕಿನ ಹಿಡಿಯನ್ನು ಕುರುಡರಂತೆ ಹುಡುಕುತ್ತಿದ್ದವು.

ಗಾಡಿಯನ್ನು ಸ್ಟ್ಯಾಂಡಿಗೆ ಹಾಕಿ ಅಲ್ಲೇ ಕುಕ್ಕರಗಾಲಲ್ಲಿ ಕೂತು ಉಗುರನ್ನು ಟೈರಿಗೆ ಹಚ್ಚಿದರು. ಉಗುರು ನಿಲ್ಲಲಿಲ್ಲ. ರಬ್ಬರಿನ ಮೇಲೆ ಟಿಕ್ ಟಿಕ್ ಎಂದು ಕುಣಿಯಿತು.

"ಪೂರಾ ಸವದೈತಿ. ಅದಕ್ಕ ಜಾರ್‍ತು. ಬದಲಿ ಮಾಡಬೇಕು," ಅಂದರು, ನನ್ನ ಮುಖ ನೋಡದೆ.

ನಲವತ್ತು ವರ್ಷದಲ್ಲಿ ಅವರಾಗಿ ಈ ಮಾತು ಹೇಳಿದ್ದು ಅದೇ ಮೊದಲು. ಮನೆಗೆ ಬಂದ ಮೇಲೆ ನಾನು ಅಂದೆ, "ನೋಡೂಣು ಬಿಡ್ರಿ, ಅವಸರ ಏನೈತಿ?" ಅವರು ನನ್ನನ್ನು ವಿಚಿತ್ರವಾಗಿ ನೋಡಿದರು. ನಾನೂ ಹಾಗೆ ಹೇಳಿದ್ದು ಅದೇ ಮೊದಲು.

ಘಟಪ್ರಭೆಯ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸ ಮಾಡುವ ಮಗಳಿಗೆ ಫೋನಿನಲ್ಲಿ ಎಲ್ಲ ಹೇಳಿದೆ.

"ಅವ್ವಾ, ಅಪ್ಪಾರಿಗೆ ಗಾಡಿ ಬಿಡಸು. ಕೈ ನೋಡೀಯಿಲ್ಲೋ, ಕಪ್ಪಬಸಿ ಹಿಡದ್ರ ಚಹಾ ಚೆಲ್ಲತೈತಿ."

"ನೀನ ಹೇಳವಾ."

"ನಾ ಹೇಳಿದ್ರ, ನಿನಗ ಸ್ಕೂಟಿ ಕಲಿಸಿದಾಂವ ನಾನ, ನನಗ ಹೇಳಾಕ ಬರ್ತೀ ಅಂತಾರ. ನೀ ಹೇಳು."

ನಾನು ಹೇಳಲಿಲ್ಲ. ಟು ಬಿ ಆನೆಸ್ಟ್, ಧೈರ್ಯ ಇರಲಿಲ್ಲ. ಗಾಡಿ ಬಿಡಿ ಅಂದರೆ ನೀವು ಮುದುಕರಾದಿರಿ ಅಂದಂತೆ. ಅದನ್ನು ನನ್ನ ಬಾಯಿಂದ ಹೇಳುವುದಕ್ಕಿಂತ ಟೈರಿನ ಬಾಯಿಂದ ಹೇಳಿಸುವುದು ಸುಲಭ ಅನ್ನಿಸಿತು. ಹೊಸ ಟೈರು ಸಿಗದಿದ್ದರೆ ಗಾಡಿ ಅಂಗಳ ಬಿಡುವುದಿಲ್ಲ, ಅವರದೇ ಕಾಯಿದೆ. ಮರುದಿನ ಅವರಿಗಿಂತ ಮೊದಲು ನಾನು ಟೈರಿನ ಅಂಗಡಿಗೆ ಹೋದೆ. ಅಂಗಡಿಯವ ನನ್ನ ಹಳೆಯ ವಿದ್ಯಾರ್ಥಿ; ಈಗ ಅವನ ಮೀಸೆಯೂ ಬೆಳ್ಳಗಾಗುತ್ತಿದೆ.

"ಬರ್ರಿ ಬಾಯಾರ, ಕುಂದರ್ರಿ," ಎಂದು ಸ್ಟೂಲು ಒರೆಸಿದ.

"ನಮ್ಮ ಸಾಹೇಬ್ರು ಬಂದು ಹಿಂದಿನ ಟಾಯರ ಕೇಳಿದ್ರ ಇಲ್ಲ ಅಂತ ಹೇಳಪಾ."

"ಐತಲ್ರಿ! ಮೊನ್ನೆನ ಮಾಲ ಬಂದೈತಿ."

"ಇದ್ರೂ ಇಲ್ಲ ಅನ್ನು."

ಅವನು ತಲೆ ಕೆರೆದುಕೊಂಡ. "ಬಾಯಾರ, ಎಂಟನೇ ಕ್ಲಾಸಿನ್ಯಾಗ ಇದ್ದಾಗ ಹೋಮ್‌ವರ್ಕ್ ಮನ್ಯಾಗ ಮರತ ಬಂದೇನಿ ಅಂತ ಸುಳ್ಳ ಹೇಳಿದ್ದಕ್ಕ ತಾಸಗಟ್ಲೆ ಬೆಂಚ್ ಮ್ಯಾಲ ನಿಲ್ಲಿಸಿದ್ರಿ ನನ್ನ. ಈಗ ನೀವ ಸುಳ್ಳ ಹೇಳಸಾಕತ್ತೀರಲ್ರಿ."

ನನಗೆ ನಗು ಬಂತು. ನಗುತ್ತಲೇ "ಅವರ ಕೈ ನಡಗತಾವಪಾ" ಅಂದೆ. ಆಮೇಲೆ ನಗಲಿಕ್ಕೆ ಆಗಲಿಲ್ಲ. ಅವನು "ಆತ್ರಿ" ಅಂದ.

ಯಜಮಾನರು ನಡೆದುಕೊಂಡು ಹೋಗಿ ಕೇಳಿ ಬಂದರು. "ಆ ಸೈಜ್ ಇಲ್ಲಂತ. ಕೊಲ್ಲಾಪುರದಿಂದ ಬರಬೇಕಂತ." ವಾರ ಬಿಟ್ಟು ಮತ್ತೆ ಹೋದರು. ಮತ್ತೂ ಒಮ್ಮೆ. ಪ್ರತಿ ಸಲವೂ ಚಪ್ಪಲಿ ಬಿಟ್ಟು ಒಳಗೆ ಬರುತ್ತ "ಇನ್ನ ಬಂದಿಲ್ಲಂತ" ಅಂದಷ್ಟೇ ಹೇಳಿ ಪೇಪರು ಹಿಡಿದು ಕೂರುತ್ತಿದ್ದರು. ಗೋಕಾಕದಲ್ಲಿ ಟೈರಿನ ಅಂಗಡಿ ಅದೊಂದೇ ಅಲ್ಲ. ಇನ್ನೊಂದು ಅಂಗಡಿಗೆ ಇವರು ಯಾಕೆ ಹೋಗಲಿಲ್ಲ ಎಂಬುದು, ಇಷ್ಟು ಓದಿದ ನನಗೆ ಆಗ ಹೊಳೆಯಲೇ ಇಲ್ಲ.

ಖಂಡೇನವಮಿಗೆ ಗಾಡಿ ತೊಳೆದರು. ಚೆಂಡುಹೂವಿನ ಮಾಲೆ ಹಾಕಿದರು, ವಿಭೂತಿ ಹಚ್ಚಿದರು, ಮುಂದಿನ ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟರು. ಪ್ರತಿ ವರ್ಷ ಪೂಜೆಯಾದ ಕೂಡಲೇ ಗಾಡಿಯನ್ನು ಅದರ ಮೇಲೆ ಹಾಯಿಸಿ ಓಣಿಯಲ್ಲಿ ಒಂದು ಸುತ್ತು ಹಾಕುತ್ತಿದ್ದರು. ಆ ವರ್ಷ ಗಾಡಿ ಮುಂದೆ ಹೋಗಲಿಲ್ಲ. ನಿಂಬೆಹಣ್ಣು ಇಡಿಯಾಗಿ ಗಾಲಿಯ ಕೆಳಗೇ ಉಳಿಯಿತು. ಮರುದಿನ ಕಸ ಗುಡಿಸುವಾಗ ನಾನು ಅದನ್ನು ಬಿಟ್ಟು ಸುತ್ತ ಗುಡಿಸಿದೆ.

ಬನ್ನಿಯ ದಿನ ಗೆಳೆಯನ ಫೋನು ಬಂತು. ಇವರಿಗೆ ಸರಿಯಾಗಿ ಕೇಳಲಿ ಎಂದು ನಾನೇ ಸ್ಪೀಕರಿಗೆ ಹಾಕಿದೆ.

"ಏನೋ, ಎಲ್ಲದೀ? ಬಂಗಾರ ಹಿಡಕೊಂಡು ಕಟ್ಟಿಮ್ಯಾಲ ಕುಂತೇನಿ."

"ಟಾಯರ ಸಿಗವಲ್ದೋ ಮಾರಾಯಾ."

"ಕಣಕಿ ತುಂಬಕೊಂಡ ಬಾ!"

"ಅದಕ್ಕ ಹಿಂದ ನೂಕಾಕ ನೀ ಬೇಕಲ್ಲ."

"ಬಸ್ಸಿಗೆ ಬಂದೀ ಅಂದ್ರ ಮೊದಲ ಮುದುಕ ನೀನ ನೋಡ ಮತ್ತ."

ಇಬ್ಬರೂ ನಕ್ಕರು. ಆ ಕಡೆಯ ನಗು ಕೆಮ್ಮಾಗಿ ಬಹಳ ಹೊತ್ತು ನಿಲ್ಲಲಿಲ್ಲ. ಫೋನು ಇಟ್ಟ ಮೇಲೆ ನಾನೇ ಅಂದೆ, ಬಸ್ಸು ಬೇಡ, ರವಿವಾರ ಮಗಳಿಗೆ ಸೂಟಿ ಇದೆ, ಅವಳ ಕಾರಿನಲ್ಲಿ ಹೋಗೋಣ, ಸೀಗಿ ಹುಣ್ಣಿಮೆಯ ತನಕ ಬನ್ನಿ ಕೊಡಬಹುದಲ್ಲ. ಅವರು ಹೂಂ ಅಂದರು. ಬನ್ನಿ ಎಲೆಗಳನ್ನು ಹಸಿ ಅರಿವೆಯಲ್ಲಿ ಸುತ್ತಿ ದೇವರ ಮುಂದೆ ಇಟ್ಟರು.

ಶನಿವಾರ ಬೆಳಿಗ್ಗೆ ಗೆಳೆಯನ ಮಗ ಫೋನು ಮಾಡಿದ. ನಸುಕಿನಲ್ಲಿ ಎದೆ ನೋವೆಂದು ಎದ್ದು ಕೂತವರು ಹಾಗೆಯೇ ಹೋಗಿಬಿಟ್ಟಿದ್ದರು.

ಕಾರಿನಲ್ಲೇ ಹೋದೆವು, ಒಂದು ದಿನ ಮೊದಲು. ಮಗಳು ರಜೆ ಹಾಕಿ ಬಂದಿದ್ದಳು. ಅದೇ ಕಟ್ಟೆಯ ಮೇಲೆ ಅವರನ್ನು ನಮ್ಮ ಪದ್ಧತಿಯಂತೆ ಕೂರಿಸಿದ್ದರು, ಹಣೆಗೆ ವಿಭೂತಿ, ಕೊರಳಿಗೆ ಹೂವು. ಮುಂದೆ ಕೂತವರ ಮಾತು ಕೇಳಲು ತಯಾರಾಗಿ ಕೂತಂತೆಯೇ ಇತ್ತು. ಅಂಗಳದಲ್ಲಿ ಅವರ ಗಾಡಿ ನಿಂತಿತ್ತು, ಖಂಡೇಪೂಜೆಯ ಮಾಲೆ ಬಾಡಿತ್ತು. ಅವರು ಕೊನೆಯ ತನಕ ಗಾಡಿ ಬಿಟ್ಟಿರಲಿಲ್ಲ. ಯಜಮಾನರು ಜೇಬಿನಿಂದ ಅರಿವೆಯ ಗಂಟು ತೆಗೆದು ಬಿಚ್ಚಲು ನೋಡಿದರು, ಬೆರಳು ಕೇಳಲಿಲ್ಲ. ನಾನು ಬಿಚ್ಚಿಕೊಟ್ಟೆ. ಎಲೆಗಳನ್ನು ಗೆಳೆಯನ ಮಡಿಲಿಗೆ ಹಾಕಿ "ಬನ್ನಿ ತಗೊಂಡು" ಅಂದರು. ಮುಂದಿನದು ಬರಲಿಲ್ಲ. ಅಂಗಳದ ಗಾಡಿಯ ಕಡೆ ನೋಡಿ, "ನೀನ ಗೆದ್ದಿ ನೋಡಪಾ" ಅಂದರು.

ಮನೆಗೆ ಬಂದು ಸ್ನಾನ ಆದ ಮೇಲೆ ನಾನು ಹೇಳಿಬಿಟ್ಟೆ. ಟೈರು ಇತ್ತು, ನಾನೇ ಇಲ್ಲ ಅನ್ನಿಸಿದೆ ಎಂದು. ಕಾನ್ವೆಂಟಿನ ಸಿಸ್ಟರ್ ಎದುರು ತಪ್ಪು ಒಪ್ಪಿಕೊಳ್ಳುವಾಗ ನಿಲ್ಲುತ್ತಿದ್ದ ಹಾಗೆ, ಕೈ ಕಟ್ಟಿ ನಿಂತಿದ್ದೆ.

"ಗೊತ್ತೈತಿ," ಅಂದರು. "ಅಂಗಡಿ ಹಿಂದಿನ ಗ್ವಾಡಿಗೆ ಮೂರು ಟಾಯರ ತೂಗಬಿಟ್ಟಿದ್ದ. ಸೈಜ್ ಓದಾಕ ನನಗೂ ಬರತೈತಿ. ಆ ಹುಡುಗಗ ಸುಳ್ಳ ಹೇಳಾಕ ಬರೂದಿಲ್ಲ, ನೀ ಬರೋಬರಿ ಕಲಿಸಿಲ್ಲ."

"ಮತ್ತ ಯಾಕ ಕೇಳಲಿಲ್ರಿ?"

"ಕೇಳಿದ್ರ ಕೊಡತಿದ್ದ. ಕೊಟ್ಟಿದ್ರ ಗಾಡಿ ತಗೀಬೇಕಾಗತಿತ್ತು." ಆಮೇಲೆ ಅಂದರು, "ಮಸಗುಪ್ಪಿ ಹಂತೇಕ ಟ್ರ್ಯಾಕ್ಟರ ನನಗ ಕಂಡಿತ್ತು. ಕೈ ಬರಲಿಲ್ಲ."

ನಾನು ಅವರಿಂದ ಬಚ್ಚಿಟ್ಟದ್ದನ್ನು ಅವರು ನನ್ನಿಂದ ಬಚ್ಚಿಟ್ಟಿದ್ದರು. ಇಬ್ಬರೂ ಸೇರಿ ಒಂದು ತಿಂಗಳು ಎಲ್ಲವನ್ನೂ ಆ ಟೈರಿನ ಮೇಲೆ ಹೊರಿಸಿದೆವು. ಒಬ್ಬರು ಬಾಯಿ ಬಿಟ್ಟು ಕೈ ನಡುಗುತ್ತದೆ ಅಂದಿದ್ದರೆ, ಬನ್ನಿಯ ದಿನವೇ ಕಾರಿನಲ್ಲೋ ಬಸ್ಸಿನಲ್ಲೋ ಹೋಗಿ ಆ ಕಟ್ಟೆಯ ಮೇಲೆ ಕೂತು, ಪಂದ್ಯ ಸೋತು, ಬೈಸಿಕೊಂಡು, ಕಣಕಿಯ ಕತೆ ಇನ್ನೊಮ್ಮೆ ಕೇಳಿ ಬರುತ್ತಿದ್ದೆವು. ಅಷ್ಟೇ ಬೇಕಾಗಿದ್ದದ್ದು.

ಕೆಲವು ದಿನದ ಮೇಲೆ, ಅವರು ಮಲಗಿದ್ದ ಮಧ್ಯಾಹ್ನ, ನಾನು ಓದುವ ಕನ್ನಡಕ ಹಾಕಿಕೊಂಡು ಗಾಡಿಯ ಹಿಂದೆ ಕೂತೆ. ಟೈರಿನ ಪಕ್ಕೆ ಒರೆಸಿ ತ್ರಿಕೋನ ಹುಡುಕಿದೆ. ಅದರ ನೇರಕ್ಕೆ ಸಂದಿಯೊಳಗೆ ದಿಂಡು ಇನ್ನೂ ಕೆಳಗೇ ಇತ್ತು. ಜಾಸ್ತಿ ಅಲ್ಲ, ಒಂದು ಜೋಳದ ಕಾಳಿನ ಅರ್ಧದಷ್ಟು. ಪುಸ್ತಕದ ಪ್ರಕಾರ ಟೈರು ಬದಲಿಸುವ ಕಾಲ ಇನ್ನೂ ಬಂದಿರಲಿಲ್ಲ. ಹುಕ್ಕೇರಿಗೆ ಹೋಗಿ ಬರಬಹುದಿತ್ತು. ಮೂಡಲಗಿಗೂ. ಅವರ ಉಗುರು ಅವತ್ತು ಅಳೆದದ್ದು ಟೈರನ್ನಲ್ಲ. ಇದನ್ನು ನಾನು ಅವರಿಗೆ ಹೇಳಿಲ್ಲ. ಈಚೆಗೆ ಕಣ್ಣು ಮಂಜಾಗಿರುವುದರಿಂದ ಇದನ್ನು ಅವರು ಓದುವುದೂ ಇಲ್ಲ.

ಆ ವಾರದ ರವಿವಾರ ಎಂದಿನಂತೆ ಉಗುರು ತೆಗೆಯಲು ಕೂತೆವು. ಒಂಬತ್ತು ಮುಗಿಸಿ ನಾನು ನೇಲ್ ಕಟರ್ ಮಡಚಿದೆ. ಅವರು ಕೈ ಹಿಂದಕ್ಕೆ ಎಳೆದುಕೊಳ್ಳಲಿಲ್ಲ.

"ಇದನ್ನೂ ತಗದಬಿಡು," ಅಂದರು.

ದಪ್ಪ ಉಗುರು, ಅಂಚಿನಲ್ಲಿ ರಬ್ಬರಿನ ಕಪ್ಪು ಕೂತಿತ್ತು. ಒಂದೇ ಸಲಕ್ಕೆ ಕತ್ತರಿಸಲಾಗಲಿಲ್ಲ, ಮೂರು ಸಲ ಒತ್ತಬೇಕಾಯಿತು. ನಡುಗುವ ಕೈಯನ್ನು ನನ್ನ ಮೊಣಕಾಲಿಗೆ ಒತ್ತಿ ಹಿಡಿದುಕೊಂಡಿದ್ದೆ.

ಗಾಡಿ ಈಗಲೂ ಅಂಗಳದಲ್ಲಿದೆ, ಅದೇ ಟೈರಿನ ಮೇಲೆ. ಟೈರಿನಲ್ಲಿ ಗಾಳಿ ಇಳಿದಿದೆ, ನಿಂತಲ್ಲೇ ಪಕ್ಕೆ ಬಿರಿಯುತ್ತಿದೆ. ಈಗ ಅದನ್ನು ನಿಜವಾಗಿಯೂ ಬದಲಿಸಬೇಕು, ಯಾವ ಪುಸ್ತಕ ಕೇಳಿದರೂ ಹಾಗೇ ಹೇಳುತ್ತದೆ. ಮಗಳು ಮಾರಿಬಿಡಿ ಅನ್ನುತ್ತಾಳೆ. ರವಿವಾರ ಮಾತ್ರ, ನಲವತ್ತು ವರ್ಷದ ರೂಢಿ ನೋಡಿ, ನಾನು ಇಂದಿಗೂ ಒಂಬತ್ತಕ್ಕೆ ಕೈ ನಿಲ್ಲಿಸಿಬಿಡುತ್ತೇನೆ. ಆಗ ಅವರು ಹೆಬ್ಬೆರಳನ್ನು ತಾವಾಗಿಯೇ ನನ್ನ ಕಡೆ ಸರಿಸಿ, ಮೆಲ್ಲಗೆ ನೆನಪಿಸುತ್ತಾರೆ.

"ಬಾಯಾರ, ಇದೊಂದು ಉಳೀತು ನೋಡ್ರಿ."