ರಾಯಚೂರಿಗೆ ಹೊರಟಿದ್ದ ಅತ್ತೆ

ಅತ್ತೆ, ಅಂದು ನಾನು ಮುಟ್ಟಾಗಿರಲಿಲ್ಲ. ಸುಳ್ಳು ಹೇಳಿದ್ದೆ.

ತೊಂಬತ್ತರ ದಶಕದ ಮಾತು. ಸಿಂಧನೂರಿನ ಡಾಕ್ಟರು ನಿಮ್ಮ ಸ್ಕ್ಯಾನಿಂಗ್ ನೋಡಿ ಲಿವರಿನಲ್ಲಿ ಕೊಬ್ಬು ಕೂಡಿದೆ ಎಂದಿದ್ದರು. ಹೆಂಡ ಮೂಸಿಯೂ ನೋಡದ ಹೆಂಗಸಿಗೆ ಇದೆಂಥ ರೋಗ ಎಂದುಕೊಂಡೆವು. ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಹೀಗಾಗುವುದುಂಟು, ಇಂಥವರು ಹೃದಯವನ್ನೂ ಜೋಪಾನ ಮಾಡಬೇಕು, ಕೊಡ ಹೊತ್ತರೆ ಏದುಸಿರು ಬರುತ್ತಿರುವುದು ಒಳ್ಳೆಯದಲ್ಲ, ತಡಮಾಡದೆ ರಾಯಚೂರಿಗೆ ಹೋಗಿ ತೋರಿಸಿ ಎಂದು ಅವರು ಬಿಡಿಸಿ ಹೇಳಿದರು.

ಜವಳಗೇರಾದ ನಮ್ಮ ಗದ್ದೆಯಲ್ಲಿ ಆಗ ನಾಟಿ. ಹೊರಡುವ ದಿನ ನೀವು ಇಳಕಲ್ ಸೀರೆ ಉಟ್ಟು, ಚೀಲ ಹಿಡಿದು ನಿಂತಿದ್ದಿರಿ. ನಿಮ್ಮ ಮಗ ಮುಂದಾಗಿ ಬಸ್ ಸ್ಟ್ಯಾಂಡಿಗೆ ಹೋಗಿದ್ದರು. ಅಷ್ಟೂ ಆಳುಗಳಿಗೆ ರೊಟ್ಟಿ ಬಡಿಯುವವಳು ಇನ್ನು ನಾನೊಬ್ಬಳೇ—ನೆನೆದೇ ತೋಳು ಸೋತವು. ಮುಟ್ಟಾದವಳು ನಮ್ಮ ಮನೆಯಲ್ಲಿ ಒಲೆಯ ಹತ್ತಿರ ಸುಳಿಯುವಂತಿರಲಿಲ್ಲ. ನಿಮಗೆ ಮುಟ್ಟು ನಿಂತು, ಆ ಮೂರು ದಿನದ ಬಿಡುವೂ ಹೋಗಿ, ನನ್ನ ಪಾಲಿನ ಒಲೆಯೂ ನಿಮಗೇ ಬೀಳುತ್ತಿತ್ತು. ಅದು ಗೊತ್ತಿದ್ದೇ—

"ಅತ್ತಿ, ನಾ ಹೊರಗಾಗೀನ್ರಿ" ಎಂದೆ.

"ಇರ್ಲಿ ಬಿಡವ್ವ. ರಾಯಚೂರು ಎಲ್ಲಿ ಓಡಿ ಹೋಗ್ತದ? ಭಾಳ ದಣದಿ, ಕುಂದ್ರು."

ನೀವು ಸೀರೆ ಬದಲಿಸಿ ಒಲೆಯ ಮುಂದೆ ಕುಳಿತಿರಿ. ಕಾದು ಕಾದು ತಿರುಗಿ ಬಂದ ಮಗನಿಗೆ "ನಾಟಿ ಮುಗೀಲಿ, ಆಮ್ಯಾಲೆ ಹೋಗೂಣು" ಎಂದಿರಿ, ನನ್ನ ಹೆಸರೆತ್ತಲಿಲ್ಲ.

ಮರುದಿನ ರೊಟ್ಟಿ ಬಡಿಯುವ ಸದ್ದು ನಡುವೆಯೇ ನಿಂತಿತು. ಪಡಸಾಲೆಯಿಂದ ಇಣುಕಿದೆ. ನೀವು ಗೋಡೆಗೊರಗಿ ಎದೆ ಹಿಡಿದುಕೊಂಡಿದ್ದಿರಿ. ನಾನು ಒಳಗೆ ಓಡಿ ಬರಲಿಲ್ಲ, ಅತ್ತೆ. ಮುಟ್ಟಾದವಳ ಹಾಗೆ ಹೊಸ್ತಿಲ ಹೊರಗೇ ನಿಂತು ಪಕ್ಕದ ಮನೆಯವರನ್ನು ಕೂಗಿದೆ—ಆಗಲೂ ನನ್ನ ಸುಳ್ಳು ಬಯಲಾಗಬಾರದೆಂದು. ಟ್ರ್ಯಾಕ್ಟರ್ ಸಿಂಧನೂರು ಮುಟ್ಟುವ ಮೊದಲೇ ನೀವು ಹೋಗಿಬಿಟ್ಟಿರಿ.

ನಾನು ಸುಳ್ಳು ಹೇಳಿದ ದಿನಕ್ಕೆ ಎರಡು ವಾರದ ಹಿಂದಷ್ಟೇ ನಿಜವಾಗಿ ಮುಟ್ಟಾಗಿ ಹೊರಗೆ ಕುಳಿತಿದ್ದೆ. ಆಗಲೂ ಅಡುಗೆ ನಿಮ್ಮದೇ. ನಿಮಗೆ ಗೊತ್ತಾಗದೆ ಇದ್ದೀತೇ? ಕೇಳಬಹುದಿತ್ತು. ದಣಿದಿದ್ದೀ ಎಂದಿರಿ, ಅಷ್ಟೇ.

ನಿಮ್ಮ ಮಗ ಇಂದಿಗೂ, "ನಮ್ಮವ್ವ ಹಠಮಾರಿ, ಸಾಯೂತನಕ ಒಲಿ ಬಿಡ್ಲಿಲ್ಲ" ಎನ್ನುತ್ತಾರೆ. ಕೇಳಿ ಕೇಳಿ, ಬಾಯಿ ಮುಚ್ಚಿಕೊಂಡಿದ್ದೂ ಸಾಕಾಗಿದೆ.

ಈಗ ನನಗೂ ಮುಟ್ಟು ನಿಂತಿದೆ. ನಾಲ್ಕು ಹೆಜ್ಜೆಗೆ ಏದುಸಿರು. ನಾಳೆ ಅವರು ನನ್ನನ್ನು ರಾಯಚೂರಿಗೆ ಕರೆದೊಯ್ಯುತ್ತಾರೆ. ಬಸ್ಸು ಹೊರಡುವ ಮೊದಲು ಹೇಳಿಬಿಡುತ್ತೇನೆ—ನಿಮ್ಮವ್ವ ಸೀರೆ ಉಟ್ಟು ನಿಂತಿದ್ದರು. ತಡೆದವಳು ನಾನು. ಆಮೇಲೂ ಅವರು ನನ್ನ ಪಕ್ಕ ಕುಳಿತರೆ ಕುಳಿತಾರು.