ಅವನು ಕಿವಿಯಿಟ್ಟ ತೋಳು

ಯಾರ ತೋಳು? ಒಂದು ವಾರದಿಂದ ಈ ಪ್ರಶ್ನೆ ಹಲ್ಲಿನ ಸಂದಿಗೆ ಸಿಕ್ಕಿದ ನಾರಿನಂತೆ ಯಕ್ಷಿತಾಳನ್ನು ಕಾಡುತ್ತಿತ್ತು. ಮಗುವಿಗೆ ರಾಗಿ ಸರಿ ಕಲಸುವಾಗ, ಬಟ್ಟೆ ಮಡಚುವಾಗ, ಲಿಫ್ಟಿಗೆ ಕಾಯುವಾಗ ಮನಸ್ಸು ಹೋಗಿ ಹೋಗಿ ಅಲ್ಲಿಗೇ ತಾಗುತ್ತಿತ್ತು.

ಅವಳ ಗಂಡ ಪ್ರಶಾಂತ ಹೊಸ ಹಾಡು ಕಟ್ಟಿದ್ದ. ಅವನು ಸ್ನಾನ ಮಾಡುತ್ತಾ ಗುನುಗಿದ್ದನ್ನು ಅವಳು ಬಾಗಿಲ ಹೊರಗೆ ನಿಂತು ಕೇಳಿಸಿಕೊಂಡಿದ್ದಳು.

ನಿನ್ನ ತೋಳಿಗೆ ಕಿವಿಯಿಟ್ಟೆ
ಒಳಗೊಂದು ತಂತಿ ಮಿಡಿದಿತ್ತು
ಊರೆಲ್ಲ ಮಲಗಿದ ಮೇಲೂ
ಅದೊಂದೇ ಎಚ್ಚರವಿತ್ತು

ಹೆಂಡತಿಯಾದವಳು ಇದನ್ನು ಕೇಳಿ ಸುಮ್ಮನಿರುವುದು ಹೇಗೆ? ತನ್ನ ತೋಳಿಗಂತೂ ಅವನು ಯಾವತ್ತೂ ಕಿವಿಯಿಟ್ಟಿಲ್ಲ. ಹನ್ನೊಂದು ತಿಂಗಳಿಂದ ಆ ತೋಳಿನ ಮೇಲೆ ಮಗಳು ಅಪ್ಪಿಯ ತಲೆಯೇ ಇದೆ, ಇನ್ನೊಬ್ಬರ ಕಿವಿಗೆ ಅಲ್ಲಿ ಜಾಗವೂ ಇಲ್ಲ.

"ಯಾರದ್ದು ಅದು ಕೈ?" ಎಂದು ಆದಷ್ಟು ಹಗುರವಾಗಿ ಕೇಳಿದಳು.

"ಒಬ್ಬರು ಪೇಷಂಟಿನದ್ದು."

"ಹೆಂಗಸಾ?"

"ಹೌದು. ಹೆಸರು ಕೇಳ್ಬೇಡ ಮಾರಾಯ್ತಿ. ಹೇಳುವ ಹಾಗಿಲ್ಲ ಅಂತ ನಿಂಗೆ ಗೊತ್ತುಂಟಲ್ಲ."

ಗೊತ್ತಿತ್ತು. ಪ್ರಶಾಂತ ಅಂಧೇರಿಯ ಒಂದು ಲ್ಯಾಬಿನ ಪರವಾಗಿ ಮನೆಮನೆಗೆ ಹೋಗಿ ಪರೀಕ್ಷೆಗೆ ರಕ್ತ ತೆಗೆದುಕೊಂಡು ಬರುವವನು. ಬೈಕುಲ್ಲಾದ ಹೋಟೆಲಿನಲ್ಲಿ ಮೂವತ್ತು ವರ್ಷ ದೋಸೆ ಹುಯ್ದ ಚೆನ್ನಯನ ಮಗ. ಕಾವಲಿಯ ಬಿಸಿ ತನಗೇ ಸಾಕು ಎಂದು ಅಪ್ಪ ಹಟ ಹಿಡಿದು ಲ್ಯಾಬಿನ ಡಿಪ್ಲೊಮಾ ಓದಿಸಿದ್ದ. ಬೆಳಿಗ್ಗೆ ಐದೂಮುಕ್ಕಾಲಿಗೆ ನೀಲಿ ಪೆಟ್ಟಿಗೆ ಹೆಗಲಿಗೇರಿಸಿ ಹೊರಟರೆ ಹನ್ನೆರಡರ ತನಕ ಇಪ್ಪತ್ತು ಮನೆ, ಇಪ್ಪತ್ತು ಕೈ. ಸೂಜಿ ಕಂಡರೆ ಹೆದರುವವರನ್ನು ಮಾತಿಗೆಳೆಯುವುದು ಅವನ ಕ್ರಮ. ಊರು ಯಾವುದು, ಮುಂಬೈಗೆ ಬಂದದ್ದು ಯಾವಾಗ, ಬಂದ ದಿನ ಯಾರಾದರೂ ಸ್ಟೇಷನ್ನಿಗೆ ಬಂದಿದ್ದರಾ ಎಂದೆಲ್ಲ ಕೇಳುತ್ತಾನೆ. ಅವರು ಉತ್ತರ ಹೇಳಿ ಮುಗಿಸುವುದರೊಳಗೆ ಟ್ಯೂಬ್ ತುಂಬಿರುತ್ತದೆ. ರಕ್ತ ಲ್ಯಾಬಿಗೆ ಹೋಗುತ್ತದೆ, ಮಾತು ಅವನ ಜೊತೆ ಉಳಿದು ಹಾಡಾಗುತ್ತದೆ. ಗಟಾರಕ್ಕೆ ಇಳಿದು ಮೇಲೆ ಬಾರದ ಐತ ಎಂಬವನ ಹಾಡು, ಬಿದ್ದುಹೋದ ಚಾಳಿನ ವಠಾರದ ನಲ್ಲಿಯ ಹಾಡು. ಸತ್ತವರ ಹೆಸರಿದ್ದೀತು, ಬದುಕಿದ್ದವರ ಹೆಸರು ಮಾತ್ರ ಯಾವ ಹಾಡಿನಲ್ಲೂ ಇಲ್ಲ. ಅವನಿಗೆ ಸ್ಟೇಜು ಬೇಡ, ಮೈಕು ಬೇಡ. ಯಾರಾದರೂ ಮನೆಗೆ ಕರೆದರೆ ಚಾಪೆಯ ಮೇಲೆ ಕೂತು ಗಿಟಾರ್ ಹಿಡಿದು ಹಾಡುತ್ತಾನೆ.

ಮೊದಮೊದಲು ಯಕ್ಷಿತಾಳಿಗೆ ಇದೆಲ್ಲ ಹೆಮ್ಮೆಯೇ. ಅಪ್ಪಿ ಹುಟ್ಟಿದ ಮೇಲೆ ಲೆಕ್ಕ ಬೇರೆಯಾಯಿತು. ಊರವರಿಗೆಲ್ಲ ತೆರೆದಿರುವ ಕಿವಿ ಮನೆಗೆ ಬರುವಾಗ ಮುಚ್ಚಿಕೊಂಡು ಬರುತ್ತದೆ. ಅಪ್ಪಿಗೆ ಇನ್ನೂ ಎರಡೇ ಹಲ್ಲು, ಪಕ್ಕದ ಮನೆಯ ಮಗು ಆಗಲೇ ಎದ್ದು ನಿಂತಿದೆ, ತೂಕ ಏರಿಲ್ಲ ಎಂದು ಅವಳು ಒಂದೊಂದಾಗಿ ಹೇಳುವಾಗ ಅವನು ಊಂ ಊಂ ಎನ್ನುತ್ತಲೇ ನಿದ್ದೆ ಹೋಗಿರುತ್ತಾನೆ. ತನಗೂ ಹಾಡು ಕಟ್ಟುವಂಥ ಒಂದು ಗಟ್ಟಿ ದುಃಖ ಇದ್ದಿದ್ದರೆ ಎಂದು ಒಮ್ಮೊಮ್ಮೆ ಅವಳಿಗೆ ಅನಿಸುವುದುಂಟು. ಕೂಡಲೇ ಹೆದರಿ ಅಪ್ಪಿಯ ಹಣೆ ಮುಟ್ಟಿ ನೋಡುತ್ತಾಳೆ.

ಆ ಭಾನುವಾರ ಸಂಜೆ ಘಾಟ್ಕೋಪರಿನಲ್ಲಿ ಮಾಧುರಿಯವರ ಮನೆಯಲ್ಲಿ ಹಾಡು. ಧಾರವಾಡದ ಕಡೆಯ ಮಾಧುರಿಗೆ ಇಂಥ ಬೈಠಕ್ ಎಂದರೆ ಪ್ರಾಣ. ಸೋಫಾ ಬಾಲ್ಕನಿಗೆ ಹೋಗಿತ್ತು, ಜಮಖಾನ ಹಾಸಿತ್ತು, ಚಪ್ಪಲಿಗಳ ಸಾಲು ಲಿಫ್ಟಿನ ತನಕ ಬಂದಿತ್ತು.

"ಬರ್ರಿ ಯಕ್ಷಿತಾ. ನಿಮಗೇನ್ರಿ, ದಿನಾ ಮನ್ಯಾಗ ಕಚೇರಿ," ಎಂದರು ಮಾಧುರಿ.

"ನಮ್ಮಲ್ಲಿ ಹಾಡುವುದು ಇವಳು," ಎಂದು ಯಕ್ಷಿತಾ ಕಂಕುಳಲ್ಲಿದ್ದ ಅಪ್ಪಿಯನ್ನು ತೋರಿಸಿದಳು. "ಅವರು ಕೇಳುವುದೂ ಇಲ್ಲ."

ಮಾಧುರಿ ಜೋರಾಗಿ ನಕ್ಕರು. ಯಕ್ಷಿತಾ ತಮಾಷೆ ಮಾಡಿರಲಿಲ್ಲ.

ಗೋಡೆಗೆ ಒರಗಿ ಕೂತು ಅವಳು ಒಂದೊಂದೇ ತೋಳು ನೋಡತೊಡಗಿದಳು. ತೋಳಿಲ್ಲದ ಕುರ್ತಾದ ಆ ಎತ್ತರದ ಹುಡುಗಿಯದ್ದಾ? ಬೆಳ್ಳಿ ಕಡಗದ ಆ ಪ್ರೊಫೆಸರದ್ದಾ? ಪ್ರಶಾಂತ ಯಾರನ್ನು ನೋಡಿ ನಗುತ್ತಾನೆ ಎಂದು ಕಾದಳು. ಅವನು ಎಲ್ಲರನ್ನೂ ನೋಡಿ ಒಂದೇ ತರಹ ನಕ್ಕ. ಅದು ಇನ್ನೂ ಕಷ್ಟ.

ಮೂರನೆಯ ಹಾಡಿನ ಹೊತ್ತಿಗೆ ಅಪ್ಪಿ ರಚ್ಚೆ ಹಿಡಿದಳು. ಸರಿ ಕಲಸಲು ಯಕ್ಷಿತಾ ಅಡಿಗೆಮನೆಗೆ ಹೋದಳು. ಅಲ್ಲಿ ಹೆಂಗಸೊಬ್ಬಳು ಜೋಳದ ರೊಟ್ಟಿ ಬಡಿಯುತ್ತಿದ್ದಳು. ಐವತ್ತರ ಹತ್ತಿರದ ಪ್ರಾಯ, ಮಣಿಕಟ್ಟಿನ ತನಕ ತೋಳಿರುವ ರವಿಕೆ. ಬಲಗೈ ತುಂಬ ಹಸಿರು ಬಳೆ, ಎಡಗೈಗೆ ಒಂದೂ ಇಲ್ಲ.

"ಬಿಸಿನೀರು ಬೇಕಿತ್ತು ಸ್ವಲ್ಪ."

"ತಗೋ ತಂಗಿ, ಅಲ್ಲೇ ಥರ್ಮಾಸಿನ್ಯಾಗ ಐತಿ. ಕೂಸು ಹಸದೈತಿ ನೋಡು. ನಾ ಎತ್ಕೊಂತಿದ್ದೆ, ನನಗ ಭಾರ ಎತ್ತೂ ಹಂಗಿಲ್ಲ."

ಹೆಸರು ಮಲ್ಲಕ್ಕ, ವಿಜಯಪುರದ ಕಡೆಯವಳು, ಗಂಡ ಶಿವಪುತ್ರ ಬೈಕುಲ್ಲಾ ಮಾರ್ಕೆಟ್ಟಿನಲ್ಲಿ ಹಮಾಲ, ಎರಡು ವರ್ಷದಿಂದ ಈ ಬಿಲ್ಡಿಂಗಿನ ನಾಲ್ಕು ಮನೆಗೆ ಇವಳದೇ ರೊಟ್ಟಿ. ಸರಿ ಕಲಸುವುದರೊಳಗೆ ಇಷ್ಟು ಗೊತ್ತಾಯಿತು. ಅಷ್ಟರಲ್ಲಿ ಹಾಲ್‌ನಿಂದ ಆ ಹಾಡು ಬಂತು. ನಿನ್ನ ತೋಳಿಗೆ ಕಿವಿಯಿಟ್ಟೆ.

ಯಕ್ಷಿತಾ ಬಟ್ಟಲು ಕೆಳಗಿಟ್ಟಳು. ಎರಡನೆಯ ನುಡಿಯನ್ನು ಅವಳು ಮೊದಲ ಸಲ ಕೇಳುತ್ತಿದ್ದಳು.

ವಾರಕ್ಕೆರಡು ದಿನ ನೆತ್ತರು
ಹೊರಗೆ ಹೋಗಿ ಬರುತಿತ್ತು
ಉಪವಾಸವೆಂದು ಹೇಳಿ
ಕೈ ಮರುದಿನ ದುಡಿದಿತ್ತು

ರೊಟ್ಟಿ ಬಡಿಯುವ ಸದ್ದು ನಿಂತಿತು.

"ಇದು ನಂದು," ಎಂದಳು ಮಲ್ಲಕ್ಕ. "ಆ ರಕ್ತದ ಹುಡುಗನ ಧ್ವನಿ ಅಲ್ಲೇನು? ಅವ ಇಲ್ಯಾಕ ಬಂದ?"

"ಅವರು ನನ್ನ ಗಂಡ."

ಮಲ್ಲಕ್ಕ ಅವಳನ್ನೂ ಅಪ್ಪಿಯನ್ನೂ ನೋಡಿದಳು. ಆಮೇಲೆ ರವಿಕೆಯ ಎಡತೋಳನ್ನು ಮೇಲಕ್ಕೆ ಸರಿಸಿ, "ಮುಟ್ಟಿ ನೋಡು," ಎಂದಳು.

ಮೊಣಕೈಯ ಕೆಳಗೆ ನರ ಹಗ್ಗದಂತೆ ಉಬ್ಬಿತ್ತು. ಬೆರಳಿಟ್ಟರೆ ಒಳಗೆ ಗುಂಯ್ ಎನ್ನುವ ನಡುಕ, ಮುಷ್ಟಿಯಲ್ಲಿ ದುಂಬಿ ಹಿಡಿದ ಹಾಗೆ.

"ಕಿಡ್ನಿ ಹೋಗ್ಯಾವ. ಡಯಾಲಿಸಿಸ್‌ಗಂತ ಎರಡು ನರ ಕೂಡಿಸಿ ಹೊಲದಾರ. ಮುಂಜಾನೆದ್ದು ಕೈ ಇಟ್ಟು ನೋಡಬೇಕು, ಗುಂಯ್ ಅನ್ನೂದು ನಿಂತ್ರ ಓಡಿ ಬಾ ಅಂದಾರ. ನಿನ್ನ ಗಂಡ ಕಿವಿ ಇಟ್ಟು ಕೇಳಿದ. ಸಣ್ಣ ಹುಡುಗರಂಗ ನಕ್ಕ, ಆಮ್ಯಾಲ ಕಣ್ಣೀರು ತಂದ." ರವಿಕೆಯ ತೋಳು ಕೆಳಗಿಳಿಸಿದಳು. "ಇವರಿಗ್ಯಾರಿಗೂ ಗೊತ್ತಿಲ್ಲ ತಂಗಿ. ಸೋಮವಾರ, ಗುರುವಾರ ದೇವರ ಉಪಾಸ ಐತಿ, ಬರೂದಿಲ್ಲ ಅಂತ ಹೇಳೇನಿ. ಗೊತ್ತಾದ್ರ ಒಂದು ಮನಿ ಉಳಿಯೂದಿಲ್ಲ. ನೀ ಬಾಯಿ ಬಿಡಬ್ಯಾಡ."

"ಇಲ್ಲ ಅಕ್ಕ," ಎಂದಳು ಯಕ್ಷಿತಾ. ಮನಸ್ಸಿನಿಂದಲೇ ಎಂದಳು.

ಹಾಲ್‌ಗೆ ಬಂದು ಕೂತಾಗ ಅನುಮಾನ ಹೋಗಿತ್ತು. ಹೊಟ್ಟೆಕಿಚ್ಚು ಮಾತ್ರ ಕೂತಲ್ಲೇ ಕೂತಿತ್ತು. ಚೆಂದದ ಹುಡುಗಿಯಾಗಿದ್ದರೆ ಜಗಳವಾದರೂ ಆಡಬಹುದಿತ್ತು. ಈ ತೋಳಿನ ಮೇಲೆ ಯಾವ ಬಾಯಿಂದ ಜಗಳ ಆಡುವುದು?

ಹಾಡು ಮುಗಿದಿತ್ತು. ಮಾಧುರಿ ಕಣ್ಣೊರೆಸಿಕೊಂಡು, "ಯಾರ್ರಿ ಪ್ರಶಾಂತ, ಆ ತೋಳಿನವರು? ಖರೇನ ಇದ್ದಾರೇನು?" ಎಂದು ಕೇಳಿದರು.

"ಇದ್ದಾರೆ. ಹೆಸರು ಹೇಳುವುದಿಲ್ಲ," ಎಂದ ಪ್ರಶಾಂತ. "ಕಳೆದ ತಿಂಗಳು ಒಂದು ಮಂಗಳವಾರ ಅವರ ಕೈಗೆ ಕಿವಿಯಿಟ್ಟದ್ದು. ಆ ದಿನ ಮನೆಗೆ ಹೋಗಲಿಕ್ಕೆ ಮನಸ್ಸೇ ಬರಲಿಲ್ಲ. ಫೋನ್ ಬಂದ್ ಮಾಡಿ ಸ್ಟೇಷನ್ನಿನ ಬೆಂಚಲ್ಲಿ ಸಂಜೆ ತನಕ ಕೂತು ಬರೆದೆ."

ಆ ಮಂಗಳವಾರ ಅಪ್ಪಿಗೆ ನೂರಮೂರು ಜ್ವರ. ಯಕ್ಷಿತಾ ಅವನಿಗೆ ಹನ್ನೊಂದು ಸಲ ಫೋನ್ ಮಾಡಿದ್ದಳು. ರಿಕ್ಷಾ ಸಿಗದೆ, ಮಗುವನ್ನು ಒದ್ದೆ ಟವಲಿನಲ್ಲಿ ಸುತ್ತಿಕೊಂಡು ಡಾಕ್ಟರರ ಹತ್ತಿರ ನಡೆದೇ ಹೋಗಿದ್ದಳು. ಬ್ಯಾಟರಿ ಹೋಗಿತ್ತು ಎಂದಿದ್ದ ಅವನು.

"ಅವರು ಇಲ್ಲೇ ಇದ್ದಾರೆ," ಎಂದಿತು ಅವಳ ಬಾಯಿ. "ಒಳಗೆ ರೊಟ್ಟಿ ಬಡಿತಾ ಇದ್ದಾರೆ."

ಮುಂದಿನದ್ದನ್ನು ಅವಳು ನೋಡಲಾರದೆ ನೋಡಿದಳು. ಮಾಧುರಿ ಒಳಗೆ ಓಡಿ ಮಲ್ಲಕ್ಕನನ್ನು ಹಿಟ್ಟಿನ ಕೈಯಲ್ಲೇ ಕರೆತಂದರು, ತಬ್ಬಿಕೊಂಡು ಅತ್ತರು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಒಬ್ಬೊಬ್ಬರಾಗಿ ಬಂದು ಆ ಎಡತೋಳಿಗೆ ಕಿವಿಯಿಟ್ಟರು. ಎತ್ತರದ ಹುಡುಗಿ ರೆಕಾರ್ಡ್ ಮಾಡಲೇ ಎಂದು ಕೇಳಿದಳು. ಮಲ್ಲಕ್ಕ ತೋಳು ಚಾಚಿಕೊಂಡು ನಿಂತಿದ್ದಳು. "ಹಂಚಿನ ಮ್ಯಾಲ ರೊಟ್ಟಿ ಐತ್ರಿ," ಎಂದು ಎರಡು ಸಲ ಹೇಳಿದಳು. ಯಾರೂ ಬಿಡಲಿಲ್ಲ.

ಮೆಟ್ರೋದಲ್ಲಿ ವಾಪಸು ಬರುವಾಗ ಅಪ್ಪಿ ಮಲಗಿದ್ದಳು. ಪ್ರಶಾಂತ ಗಿಟಾರನ್ನು ಕಾಲುಗಳ ನಡುವೆ ನಿಲ್ಲಿಸಿಕೊಂಡು ಕೇಳಿದ.

"ನಾನು ಹೆಸರು ಹೇಳದ್ದು ಯಾಕೆ ಅಂತ ಗೊತ್ತಿತ್ತಲ್ಲ ನಿಂಗೆ?"

"ಗೊತ್ತಿತ್ತು. ಮಗುವಿಗೆ ಜ್ವರ ಬಂದ ದಿನ ನೀವು ಎಲ್ಲಿದ್ರಿ ಅಂತ ಮಾತ್ರ ಗೊತ್ತಿರ್ಲಿಲ್ಲ."

ಅವನು ತಲೆ ತಗ್ಗಿಸಿದ. "ಅದು ನನ್ನ ತಪ್ಪು. ಸುಳ್ಳು ಹೇಳಿದ್ದೂ ತಪ್ಪೇ. ಆದ್ರೆ ನನ್ನನ್ನು ಬೈಬೇಕಿತ್ತು ಯಕ್ಷಿತಾ. ಅವರನ್ನು ಯಾಕೆ ಎಳೆದು ತಂದದ್ದು?"

ಅವಳು ಅಪ್ಪಿಯ ತಲೆಯನ್ನು ಇನ್ನೊಂದು ತೋಳಿಗೆ ಬದಲಿಸಿದಳು.

ಬುಧವಾರ ಬೈಠಕ್ಕಿನ ವಾಟ್ಸಾಪ್ ಗುಂಪಿನಲ್ಲಿ ಮಾಧುರಿಯವರ ಸಂದೇಶ ಬಂತು. ಮಲ್ಲಕ್ಕನಿಗೆ ನಾಲ್ಕೂ ಮನೆಯವರು ಸೇರಿ ವಿಶ್ರಾಂತಿ ಕೊಟ್ಟಿದ್ದೇವೆ, ಅಂಥ ಕೈಯಿಂದ ರೊಟ್ಟಿ ಮಾಡಿಸಿಕೊಂಡು ತಿನ್ನಲು ಮನಸ್ಸು ಒಪ್ಪುವುದಿಲ್ಲ ಎಂದು. ಅದರ ಕೆಳಗೆ ಸಾಲಾಗಿ ಕೆಂಪು ಹೃದಯಗಳು. ಅದೇ ಸಂಜೆ ಶಿವಪುತ್ರ ಲ್ಯಾಬಿಗೆ ಫೋನ್ ಮಾಡಿ, ಇನ್ನು ಮುಂದೆ ಆ ಹಾಡುವವನನ್ನು ಕಳಿಸಬೇಡಿ ಎಂದಿದ್ದ. ಪ್ರಶಾಂತ ಬಂದು ಅದನ್ನು ಹೇಳಿ, ಗಿಟಾರನ್ನು ಚೀಲಕ್ಕೆ ಹಾಕಿ ಕಪಾಟಿನ ಮೇಲಿಟ್ಟ. ಮಕ್ಕಳ ಡಾಕ್ಟರರ ನಂಬರನ್ನು ತನ್ನ ಫೋನಿನಲ್ಲಿ ಬರೆದುಕೊಂಡ. ಇವಳ ಮುಖ ನೋಡಲಿಲ್ಲ.

ಎರಡು ದಿನ ಯಕ್ಷಿತಾ ಫೋನು ಎತ್ತುವುದು, ಇಡುವುದು ಮಾಡಿದಳು. ಏನೆಂದು ಹೇಳುವುದು? ಗಂಡನ ಹಾಡಿನ ಮೇಲೆ ಹೊಟ್ಟೆಕಿಚ್ಚು ಪಟ್ಟವಳು ಎಂದು ಮೂವತ್ತು ಜನಕ್ಕೆ ಗೊತ್ತಾಗುತ್ತದೆ. ಅದೂ ಯಾರ ಮೇಲೆ? ಕಿಡ್ನಿ ಹೋದವಳ ಮೇಲೆ. ಶುಕ್ರವಾರ ಮಧ್ಯಾಹ್ನ ಅಪ್ಪಿಯನ್ನು ಮಲಗಿಸಿ, ಮಾಧುರಿಯವರಿಗೆ ಫೋನ್ ಮಾಡಿದಳು.

"ಹೇಳ್ರಿ ಯಕ್ಷಿತಾ. ಎಂಥಾ ಸಂಜೀರಿ ಅದು, ಇನ್ನೂ ಮನಸಿನ್ಯಾಗ..."

"ಅಕ್ಕ, ನಾನು ಒಂದು ಹೇಳ್ಬೇಕು. ಮಲ್ಲಕ್ಕ ನನ್ನ ಹತ್ರ ಯಾರಿಗೂ ಹೇಳ್ಬೇಡ ಅಂದಿದ್ರು. ನಾನು ಆಯ್ತು ಅಂದಿದ್ದೆ. ಆದ್ರೂ ಹೇಳಿದೆ. ಹೊಟ್ಟೆಕಿಚ್ಚಿಗೆ ಹೇಳಿದ್ದು ಅಕ್ಕ, ಬೇರೆ ಏನೂ ಅಲ್ಲ. ನನ್ನ ಗಂಡ ಅವರ ಕೈಗೆ ಕಿವಿ ಕೊಟ್ರು, ನನ್ನ ಫೋನಿಗೆ ಕೊಡಲಿಲ್ಲ ಅಂತ."

ಆ ಕಡೆ ಮಿಕ್ಸರ್ ತಿರುಗುವ ಸದ್ದು ಕೇಳುತ್ತಿತ್ತು, ಅದು ನಿಂತಿತು.

"ಅವರು ವಿಶ್ರಾಂತಿ ಕೇಳಿದ್ರಾ ಅಕ್ಕ ನಿಮ್ಮ ಹತ್ರ?"

"ಹಂಗೇನಿಲ್ಲ... ಅಕೀನೇನು ಕೇಳಲಿಲ್ಲ. ನಾವಽ ವಿಚಾರ ಮಾಡಿದ್ವಿ. ನಾಳೆ ನಮ್ಮ ಮನ್ಯಾಗ ಏನರೆ ಆದ್ರ ಹೆಂಗ್ರಿ?"

"ಎರಡು ವರ್ಷದಿಂದ ನಿಮ್ಮಲ್ಲೇ ಮಾಡ್ತಿದ್ರಲ್ಲ? ಗೊತ್ತಾಗುವ ಮೊದಲು ಏನಾದ್ರೂ ಆಯ್ತಾ?"

ಮಾಧುರಿ ಉಸಿರೆಳೆದುಕೊಂಡರು. "ಕರದ್ರ ಅಕಿ ಬರತಾಳೇನ್ರಿ ಇನ್ನ?"

"ನಂಗೆ ಗೊತ್ತಿಲ್ಲ. ಅವರನ್ನೇ ಕೇಳಿ. ಸಂಜೆಗೆ, ನಾಳೆಗೆ ಅಂತ ಇಡ್ಬೇಡಿ ಅಕ್ಕ, ಈಗಲೇ ಕೇಳಿ. ನಾನು ಫೋನ್ ಇಡ್ತೇನೆ," ಎಂದಳು ಯಕ್ಷಿತಾ. ಇಟ್ಟಳು.