ಹಿರಿಯೂರಿನಿಂದ ದುರ್ಗಕ್ಕೆ, ಸೈಕಲ್ ಬಿಟ್ಟು

ನಮ್ಮ ಬೀದಿಯ ಸೈಕಲ್ ಶಾಪಿನ ಯಜಮಾನರ ಪೈಜಾಮದ ಬಲಗಾಲಿಗೆ ಸದಾ ಒಂದು ಕಬ್ಬಿಣದ ಕ್ಲಿಪ್ಪು. ಚೈನಿಗೆ ಬಟ್ಟೆ ಸಿಕ್ಕದಿರಲೆಂದು ಹಾಕಿಕೊಳ್ಳುವ ಆ ಕ್ಲಿಪ್ಪನ್ನು ಅವರು ಮದುವೆಯ ಪಂಕ್ತಿಯಲ್ಲಿ ಕುಳಿತಾಗಲೂ ಬಿಚ್ಚುತ್ತಿರಲಿಲ್ಲ. ಅವರ ಬಾಡಿಗೆ ಸೈಕಲ್ಲನ್ನು ಎಲ್ಲಾದರೂ ಒರಗಿಸಿ ನಿಲ್ಲಿಸಿದವರಿಗೆ ಮಂಗಳಾರತಿ ಗ್ಯಾರಂಟಿ. "ಸ್ಟ್ಯಾಂಡ್ ಯಾಕೈತೆ? ನಿಮ್ಮಪ್ಪನ್ನೂ ಹಿಂಗೇ ಗೋಡೆಗೆ ಒರಗಿಸ್ತೀಯೇನಲೇ?" ಎನ್ನುತ್ತಿದ್ದರು.

ಎಪ್ಪತ್ತರ ದಶಕದಲ್ಲಿ ಒಮ್ಮೆ ಹಿರಿಯೂರಿನಿಂದ ಚಿತ್ರದುರ್ಗಕ್ಕೆ ಮ್ಯಾರಥಾನ್ ಏರ್ಪಾಟಾಯಿತು. ಆಗ ನಾನು ಕಾಲೇಜು ಹುಡುಗ. ಹಿಡಿದದ್ದನ್ನು ಮುಗಿಸಿದ ಚರಿತ್ರೆ ನನ್ನದಲ್ಲ. ತಬಲಾ ಬಿಟ್ಟಿದ್ದೆ, ಟೈಪಿಂಗ್ ಬಿಟ್ಟಿದ್ದೆ. ಇದನ್ನಾದರೂ ಮುಗಿಸುತ್ತೇನೆ ಎಂದಾಗ ಅಪ್ಪ ನಕ್ಕು, "ಅರ್ಧ ದಾರಿಗೆ ಐಮಂಗಲದಲ್ಲಿ ಬಸ್ ಹತ್ಕಂಡು ಬಾ" ಎಂದರು. ಆ ಮಾತು ಚುಚ್ಚಿತು. ಯಜಮಾನರು ಮಾತ್ರ ನಗಲಿಲ್ಲ. ಅಂಗಡಿ ಮುಚ್ಚಿ, ನೀರಿನ ಕ್ಯಾನು ನೇತುಹಾಕಿಕೊಂಡು, ಸೈಕಲ್ ಹತ್ತಿ ನನ್ನ ಪಕ್ಕದಲ್ಲೇ ಹೊರಟರು.

ಐಮಂಗಲದ ತನಕ ಸಲೀಸು. ಆಮೇಲೆ ತೊಡೆ ಕಲ್ಲಾಯಿತು, ಬೆವರಿನ ಉಪ್ಪು ಕಣ್ಣಿಗಿಳಿಯಿತು. ದುರ್ಗದ ಗುಡ್ಡ ಎದುರಿಗೇ ಕಾಣುತ್ತದೆ, ಎಷ್ಟು ಓಡಿದರೂ ಹತ್ತಿರ ಬರುವುದಿಲ್ಲ. ನಿಲ್ಲು ನಿಲ್ಲು ಎಂದು ಮೈಯೆಲ್ಲ ಬೇಡಿಕೊಳ್ಳುವಾಗ ಓಡುವುದಿದೆಯಲ್ಲ, ಆ ಕಷ್ಟ ಶತ್ರುವಿಗೂ ಬೇಡ. ಅಷ್ಟರಲ್ಲಿ ಅವರ ಟೈರು ಪಂಕ್ಚರ್ ಆಯಿತು. ಊರಿಗೆಲ್ಲ ಪಂಕ್ಚರ್ ಹಾಕುವ ಪುಣ್ಯಾತ್ಮ ಸಾಮಾನನ್ನೇ ತಂದಿರಲಿಲ್ಲ! ನನಗೆ ಒಳಗೊಳಗೇ ಖುಷಿ. ಮೋರಿಯ ಮೇಲೆ ಕುಳಿತುಬಿಟ್ಟೆ.

"ನಿಮ್ಮ ಸೈಕಲ್ ಬಿಟ್ಟು ಹೆಂಗೆ ಹೋಗಾದು ಯಜಮಾನ್ರೆ? ಬಸ್ಸಿಗೆ ಹಾಕಾಣ" ಎಂದೆ.

ಅವರು ಸೈಕಲ್ಲನ್ನು ಜಾಲಿಯ ಬೇಲಿಗೆ ಒರಗಿಸಿದರು. ಹೌದು, ಒರಗಿಸಿದರು. "ಏಳಲೇ. ಇಷ್ಟು ದಿನ ನೀನು ಬಿಟ್ಟಿದ್ದೇ ಸಾಕು. ಹೋಗಾಣ" ಎಂದು ಚಪ್ಪಲಿ ಕೈಯಲ್ಲಿ ಹಿಡಿದು, ಹೊಟ್ಟೆ ಕುಲುಕಿಸುತ್ತ, ಏದುಸಿರಿನಲ್ಲೂ ನನ್ನನ್ನು ಬೈಯುತ್ತ ಓಡತೊಡಗಿದರು. ಒಂದಷ್ಟು ಓಡಿ, ಒಂದಷ್ಟು ನಡೆದು ದುರ್ಗ ಮುಟ್ಟಿದಾಗ ಶಾಮಿಯಾನ ಬಿಚ್ಚುತ್ತಿದ್ದರು. ಕೊನೆಯವನು ನಾನೇ. ಆದರೂ ಮುಗಿಸಿದ್ದೆ.

ಮರಳಿ ಬಂದು ನೋಡಿದರೆ ಬೇಲಿಯ ಬಳಿ ಸೈಕಲ್ ಇರಲಿಲ್ಲ. ಅದರ ಮಾತೆತ್ತಿದವರಿಗೆಲ್ಲ ಅವರು, "ಅದೂ ಎಲ್ಲೋ ಓಡ್ತಾ ಐತೆ ಬಿಡ್ರಿ" ಎನ್ನುತ್ತಿದ್ದರು. ನನ್ನನ್ನು ಒಂದು ದಿನವೂ ಹಂಗಿಸಲಿಲ್ಲ. ಹೆತ್ತವರಿಗಿಂತ ಒಂದು ಕೈ ಹೆಚ್ಚೇ ಅವರು ನನ್ನನ್ನು ನಂಬಿದ್ದರು.

ಅವರು ತೀರಿಕೊಂಡಾಗ ಚಟ್ಟಕ್ಕೆ ಹೆಗಲು ಕೊಟ್ಟೆ. ಭಾರದ ಮನುಷ್ಯ, ಅರ್ಧ ದಾರಿಗೇ ನಾನು ಎಡವತೊಡಗಿದೆ. ಯಾರೋ ಪಕ್ಕಕ್ಕೆ ಬಂದು, "ಸಾಕು ಬಿಡ್ರಿ, ನಾನು ಹಿಡ್ಕಂತೀನಿ" ಎಂದರು.

ನಾನು ಬಿಡಲಿಲ್ಲ.